ಹೆಸರು ಅದೇ, ದನಿ ಬೇರೆ

2024ರ ಆಗಸ್ಟ್ ಕೊನೆಯಲ್ಲಿ ಲಿಂಕಿನ್ ಪಾರ್ಕ್ ಎಂಬ ಅಮೆರಿಕದ ರಾಕ್ ಬ್ಯಾಂಡಿನ ವೆಬ್‌ಸೈಟಿನಲ್ಲಿ ಒಂದು ಗಡಿಯಾರ ಕಾಣಿಸಿಕೊಂಡಿತು. ನೂರು ಗಂಟೆಯಿಂದ ಕೆಳಕ್ಕೆ ಎಣಿಕೆ. ಯಾಕೆ, ಏನು ಅಂತ ಒಂದಕ್ಷರ ವಿವರಣೆ ಇಲ್ಲ. ಗಾಯಕ ಚೆಸ್ಟರ್ ಬೆನ್ನಿಂಗ್ಟನ್ 2017ರಲ್ಲಿ ತೀರಿಕೊಂಡಮೇಲೆ ಏಳು ವರ್ಷ ಬಾಗಿಲು ಹಾಕಿಕೊಂಡಿದ್ದ ಬ್ಯಾಂಡು ಅದು. ಅಭಿಮಾನಿಗಳು ಅಲಾರಂ ಇಟ್ಟುಕೊಂಡು ಕಾದರು. ಎಣಿಕೆ ಸೊನ್ನೆಗೆ ಬಂತು. ಏನೂ ಆಗಲಿಲ್ಲ. ಗಡಿಯಾರ ಸೊನ್ನೆಯಿಂದ ಮೇಲಕ್ಕೆ ಓಡತೊಡಗಿತು, ಅಷ್ಟೇ.

ಸತಾಯಿಸೋದಕ್ಕೆ ಹೀಗೆ ಮಾಡಿದ್ದಾರೆ ಅಂತ ಎಷ್ಟೋ ಜನ ಬೈದುಕೊಂಡರು. ಅದು ಸುಳಿವು ಅಂತ ಗೊತ್ತಾಗಿದ್ದು ಸೆಪ್ಟೆಂಬರ್ 5ರಂದು. ಅವತ್ತಿನ ನೇರ ಪ್ರಸಾರದಲ್ಲಿ ಬ್ಯಾಂಡು ವಾಪಸ್ ಬಂತು, ಹೊಸ ಆಲ್ಬಂನ ಹೆಸರೂ ಹೊರಬಿತ್ತು: 'ಫ್ರಮ್ ಝೀರೋ'. ಸೊನ್ನೆಯಿಂದ. ಈ ಹೆಸರಿನಲ್ಲಿ ಇನ್ನೊಂದು ಮಾತು ಅಡಗಿದೆ. 1996ರಲ್ಲಿ ಕ್ಯಾಲಿಫೋರ್ನಿಯಾದ ಅಗೋರಾ ಹಿಲ್ಸ್‌ನಲ್ಲಿ ಹುಡುಗರು ಸೇರಿ ಬ್ಯಾಂಡ್ ಕಟ್ಟಿದಾಗ ಅದರ ಹೆಸರು ಝೀರೋ ಎಂದೇ ಇತ್ತು. ಇಂಗ್ಲಿಷಿನ ಎಕ್ಸ್ ಅಕ್ಷರ ಹಾಕಿ ಬರೆಯುತ್ತಿದ್ದರು. ಚೆಸ್ಟರ್ ಬೆನ್ನಿಂಗ್ಟನ್ ಸೇರಿದ್ದು 1999ರಲ್ಲಿ. ಅಂದರೆ ಆಲ್ಬಂನ ಹೆಸರೇ ಮೆಲ್ಲಗೆ ಒಂದು ವಾದ ಹೂಡುತ್ತಿದೆ: ಚೆಸ್ಟರ್ ಬರುವ ಮೊದಲೂ ನಾವು ಇದ್ದೆವು.

ಈ ವಾದವನ್ನು ಎಲ್ಲರೂ ಒಪ್ಪಲಿಲ್ಲ. ಇವತ್ತಿಗೂ ಒಪ್ಪಿಲ್ಲ.

ಅವತ್ತು ಹೊಸ ಹಾಡನ್ನು ತೋರಿಸಿದ ಕ್ರಮ ನೋಡಿ. 'ದಿ ಎಂಪ್ಟಿನೆಸ್ ಮಷೀನ್' ಶುರುವಾಗೋದು ಬ್ಯಾಂಡ್ ಕಟ್ಟಿದವರಲ್ಲಿ ಒಬ್ಬರಾದ ಮೈಕ್ ಶಿನೋಡಾ ದನಿಯಲ್ಲಿ. ಮೊದಲ ಚರಣ ಅವರದ್ದೇ, ಮೊದಲ ಸಲದ ಪಲ್ಲವಿಯೂ ಅವರದ್ದೇ. ಎಮಿಲಿ ಆರ್ಮ್‌ಸ್ಟ್ರಾಂಗ್ ಎಂಬ ಹೊಸ ಗಾಯಕಿ ಬರೋದು ಎರಡನೇ ಚರಣಕ್ಕೆ. ಹೊಸ ಸೊಸೆಯನ್ನು ಕರೆತರುವಾಗ ಮನೆಯ ಹಿರಿಯರೊಬ್ಬರು ಮುಂದೆ ನಿಂತು ಬಾಗಿಲು ತೆಗೆಯುತ್ತಾರಲ್ಲ, ಹಾಗೆ. ಕೇಳುಗರಿಗೆ ಮೊದಲು ಪರಿಚಿತ ದನಿ ಕೊಟ್ಟು, ಆಮೇಲೆ ಅಪರಿಚಿತ ದನಿ. ಹಾಡಿನ ಕಟ್ಟಡದಲ್ಲೇ ಅಷ್ಟು ಹುಷಾರು ಇಟ್ಟಿದ್ದಾರೆ ಅಂದರೆ, ಏನು ಬರಲಿದೆ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಎಮಿಲಿ ಹೊಸಬರೇನಲ್ಲ. ಡೆಡ್ ಸಾರಾ ಎಂಬ ಲಾಸ್ ಏಂಜಲೀಸ್ ಬ್ಯಾಂಡಿನಲ್ಲಿ ವರ್ಷಗಟ್ಟಲೆ ಹಾಡಿದವರು. ಡ್ರಮ್ಸ್‌ಗೆ ರಾಬ್ ಬೋರ್ಡನ್ ಬದಲು ಕಾಲಿನ್ ಬ್ರಿಟನ್ ಬಂದರು. ತನಗೂ ಬ್ಯಾಂಡಿಗೂ ನಡುವೆ ಸ್ವಲ್ಪ ಅಂತರ ಬೇಕು ಅಂತ ರಾಬ್ ಮೊದಲೇ ಹೇಳಿದ್ದರಂತೆ. ಗಿಟಾರ್ ನುಡಿಸುವ ಬ್ರಾಡ್ ಡೆಲ್ಸನ್ ಬ್ಯಾಂಡಿನಲ್ಲೇ ಇದ್ದಾರೆ, ಆದರೆ ಊರೂರು ಸುತ್ತೋದಿಲ್ಲ. ವೇದಿಕೆಯಲ್ಲಿ ಅವರ ಜಾಗಕ್ಕೆ ಅಲೆಕ್ಸ್ ಫೆಡರ್. ಜಗತ್ತಿಗೆ ಪರಿಚಯವಿದ್ದ ಆರು ಜನರಲ್ಲಿ ಈಗ ವೇದಿಕೆ ಮೇಲೆ ಕಾಣುವವರು ಮೂರೇ ಮಂದಿ: ಮೈಕ್ ಶಿನೋಡಾ, ಜೋ ಹಾನ್ ಮತ್ತು ಡೇವ್ ಫಾರೆಲ್. ಗಮ್ಮತ್ತು ಅಂದರೆ ಡ್ರಮ್ಸ್ ಬದಲಾಗಿದ್ದಕ್ಕೆ ಬೀದಿಗಿಳಿದವರು ಯಾರೂ ಇಲ್ಲ. ಜಗಳ ಪೂರ್ತಿ ಗಾಯಕರು ಹಿಡಿಯುವ ಒಂದೇ ಮೈಕಿನ ಸುತ್ತ.

ನನಗೆ ಅನ್ನಿಸೋದು ಇಷ್ಟು. ಈ ಜಗಳ ಹಾಡುಗಳ ಬಗ್ಗೆ ಅಲ್ಲವೇ ಅಲ್ಲ, ಹೆಸರಿನ ಬಗ್ಗೆ. ಮೈಕ್ ಮತ್ತು ಗೆಳೆಯರಿಗೆ 'ಲಿಂಕಿನ್ ಪಾರ್ಕ್' ಅನ್ನೋದು ಇಪ್ಪತ್ತನೇ ವಯಸ್ಸಿನಿಂದ ಮಾಡಿಕೊಂಡು ಬಂದ ಕೆಲಸದ ಹೆಸರು. ಅಭಿಮಾನಿಗಳಿಗೆ ಅದು 2017ರ ಜುಲೈ 20ರಿಂದ ಒಂದು ಸಮಾಧಿಯ ಹೆಸರೂ ಹೌದು. ಅವತ್ತು ಚೆಸ್ಟರ್ ಆತ್ಮಹತ್ಯೆ ಮಾಡಿಕೊಂಡರು. 41 ವರ್ಷ. ಅದೇ ಅಕ್ಟೋಬರ್ 27ರಂದು ಹಾಲಿವುಡ್ ಬೌಲ್‌ನಲ್ಲಿ ನೆನಪಿನ ಕಾರ್ಯಕ್ರಮ ನಡೆಯಿತು. 'ನಂಬ್' ಹಾಡಿನ ಸರದಿ ಬಂದಾಗ ಗಾಯಕರನ್ನು ಯಾರನ್ನೂ ಕರೆಯಲಿಲ್ಲ. ಹೂ ಇಟ್ಟ ಒಂದು ಮೈಕ್ ಸ್ಟ್ಯಾಂಡ್, ಅದರ ಮೇಲೆ ಬೆಳಕು. ಬ್ಯಾಂಡು ನುಡಿಸಿತು, ಸೇರಿದ್ದ ಜನರೇ ಹಾಡಿದರು.

ಆಮೇಲಿನ ಏಳು ವರ್ಷ ಆ ಸಮಾಧಿಗೆ ದೀಪ ಹಚ್ಚಿದವರು ಅಭಿಮಾನಿಗಳೇ. ಬ್ಯಾಂಡು ಹೆಚ್ಚೇನೂ ಮಾಡಲಿಲ್ಲ. 2020ರಲ್ಲಿ ಮೊದಲ ಆಲ್ಬಂ 'ಹೈಬ್ರಿಡ್ ಥಿಯರಿ'ಗೆ ಇಪ್ಪತ್ತು ವರ್ಷ ಅಂತ ಒಂದು ಬಾಕ್ಸ್ ಸೆಟ್ ಬಂತು. 2023ರಲ್ಲಿ 'ಮೀಟಿಯೋರಾ'ಗೆ ಇಪ್ಪತ್ತು ತುಂಬಿದಾಗ ಚೆಸ್ಟರ್ ಹಾಡಿಟ್ಟಿದ್ದ 'ಲಾಸ್ಟ್' ಹೊರಗೆ ಬಂತು. 2022ರಲ್ಲಿ ಗಾಳಿಸುದ್ದಿ ಜೋರಾದಾಗ, ಹೊಸ ಆಲ್ಬಂ ಇಲ್ಲ, ಪ್ರವಾಸ ಇಲ್ಲ ಅಂತ ಮೈಕ್ ಖಡಾಖಂಡಿತವಾಗಿ ಹೇಳಿದ್ದೂ ಇದೆ. ಈ ಮಧ್ಯೆ ಹಳೆಯ ಹಾಡುಗಳನ್ನು ಹದಿನೈದು ವರ್ಷದ ಹುಡುಗರಿಗೆ ದಾಟಿಸಿದ್ದು, ಜುಲೈ 20 ಬಂದಾಗಲೆಲ್ಲ ನೆನೆದಿದ್ದು, ಖಿನ್ನತೆ ಬಗ್ಗೆ ಮಾತಾಡುವಾಗ ಚೆಸ್ಟರ್ ಹೆಸರು ತೆಗೆದಿದ್ದು ಎಲ್ಲ ಕೇಳುಗರೇ. ಏಳು ವರ್ಷ ನೋಡಿಕೊಂಡ ಮನೆಗೆ ಒಂದು ದಿನ ಮಾಲೀಕರು ಬಂದು ಬೀಗ ತೆಗೆದು, ಗೋಡೆಗೆ ಹೊಸ ಬಣ್ಣ ಬಳಿದರೆ ಹೇಗಿರುತ್ತೆ? ಕಾಗದಪತ್ರದ ಪ್ರಕಾರ ಮನೆ ಅವರದ್ದೇ. ಆದರೂ ಕರುಳು ಚುರುಕ್ ಅನ್ನುತ್ತೆ, ಅಲ್ವಾ?

ಇದರ ಅಡಿಯಲ್ಲಿ ಇನ್ನೊಂದು ಪದರ ಇದೆ, ಅದನ್ನು ಜನ ಅಷ್ಟಾಗಿ ಹೇಳಿಕೊಳ್ಳೋದಿಲ್ಲ. ಚೆಸ್ಟರ್ ಇದ್ದಾಗಿನ ಕೊನೆಯ ಆಲ್ಬಂ 'ಒನ್ ಮೋರ್ ಲೈಟ್' ಬಂದಿದ್ದು 2017ರ ಮೇ 19ಕ್ಕೆ. ಗಿಟಾರ್ ಅಬ್ಬರ ಕಮ್ಮಿ, ಕಿರುಚಾಟ ಇಲ್ಲ, ಪಾಪ್ ಜಾಸ್ತಿ. ಅಭಿಮಾನಿಗಳು ಹಿಗ್ಗಾಮುಗ್ಗಾ ಬೈದರು. ದುಡ್ಡಿಗೆ ಮಾರಿಕೊಂಡರು ಅಂದರು. ಚೆಸ್ಟರ್‌ಗೆ ಇದು ನಾಟಿತ್ತು. 'ಹೈಬ್ರಿಡ್ ಥಿಯರಿ' ಬಿಟ್ಟು ಮುಂದೆ ಬನ್ನಿ ಅಂತ ಸಂದರ್ಶನಗಳಲ್ಲಿ ಸಿಟ್ಟಾಗಿಯೇ ಹೇಳಿದ್ದರು. ಎರಡು ತಿಂಗಳು ತುಂಬಿತ್ತಷ್ಟೇ, ಅವರು ಇಲ್ಲವಾದರು. ಬೈದಿದ್ದ ಜನವೇ ಅದೇ ಹಾಡುಗಳನ್ನು ಮತ್ತೆ ಹಾಕಿಕೊಂಡು ಅತ್ತರು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಕಟ್ಟೋದು ತಪ್ಪು, ಒಬ್ಬರ ಸಾವಿಗೆ ಆಲ್ಬಂ ವಿಮರ್ಶೆ ಕಾರಣ ಅನ್ನೋದು ಬಾಲಿಶ. ಆದರೆ ತಪ್ಪಿತಸ್ಥ ಭಾವನೆ ತರ್ಕ ಕೇಳೋದಿಲ್ಲ. 2024ರಲ್ಲಿ ಕಂಡ 'ಚೆಸ್ಟರ್ ಬಿಟ್ಟು ಬೇರೆ ಯಾರೂ ಬೇಡ' ಎಂಬ ಹಟದಲ್ಲಿ ಆ ಹಳೆಯ ಸಾಲ ತೀರಿಸುವ ಆತುರವೂ ಸ್ವಲ್ಪ ಸೇರಿದೆ ಅಂತ ನನ್ನ ಗುಮಾನಿ.

ಈಗ ಆಲ್ಬಂ ವಿಷಯಕ್ಕೆ ಬರೋಣ. 2024ರ ನವೆಂಬರ್ 15ಕ್ಕೆ ಬಿಡುಗಡೆ. ಹನ್ನೊಂದು ಟ್ರ್ಯಾಕು, ಅದರಲ್ಲಿ ಮೊದಲನೆಯದು ಬರೀ ಪೀಠಿಕೆ. ಒಟ್ಟು ಸುಮಾರು 32 ನಿಮಿಷ. ಒಂದು ಧಾರಾವಾಹಿ ಕಂತು ಮುಗಿಯುವಷ್ಟರಲ್ಲಿ ಆಲ್ಬಂ ಮುಗಿದಿರುತ್ತೆ. ಮೈಕ್ ರ‍್ಯಾಪ್ ಮಾಡ್ತಾರೆ, ಜೋ ಹಾನ್ ಡಿಸ್ಕ್ ಉಜ್ಜುತ್ತಾರೆ, ಪಲ್ಲವಿಗೆ ಎಮಿಲಿ ದನಿ ಮೇಲೇಳುತ್ತೆ. 'ಟೂ ಫೇಸ್ಡ್' ಕೇಳಿದರೆ 2003ರ ಕ್ಯಾಸೆಟ್ಟಿನಿಂದ ತಪ್ಪಿಸಿಕೊಂಡು ಬಂದಿದೆ ಅನ್ನಿಸುತ್ತೆ. 'ಕ್ಯಾಶುವಾಲ್ಟಿ'ಯಲ್ಲಿ ಎಮಿಲಿ ಕಿರುಚೋದು ಕೇಳಿದರೆ ಇವರ ಗಂಟಲಿಗೆ ವಿಮೆ ಮಾಡಿಸಿದ್ದಾರಾ ಅನ್ನಿಸಿತು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು 'ಓವರ್‌ಫ್ಲೋ'. ಅದೊಂದೇ ಹಳೆಯ ಅಚ್ಚಿನಿಂದ ಸ್ವಲ್ಪ ಆಚೆ ನಿಲ್ಲುತ್ತೆ, ನಿಧಾನಕ್ಕೆ ಕಾಯುತ್ತೆ.

ಈ ಹಳೆಯ ಅಚ್ಚೇ ಅಭಿಮಾನಿಗಳನ್ನು ಎರಡನೇ ಸಲ ಒಡೆದದ್ದು. 'ನಮಗೆ ಬೇಕಿದ್ದಿದ್ದೇ ಇದು' ಅಂತ ಒಂದು ಗುಂಪು. 'ನಿನ್ನೆಯ ಸಾರನ್ನೇ ಬಿಸಿ ಮಾಡಿ ಬಡಿಸಿದ್ದಾರೆ' ಅಂತ ಇನ್ನೊಂದು. ಎರಡೂ ನಿಜವೇ. 2007ರ 'ಮಿನಿಟ್ಸ್ ಟು ಮಿಡ್‌ನೈಟ್', 2010ರ 'ಎ ಥೌಸಂಡ್ ಸನ್ಸ್' ನೆನಪಿಸಿಕೊಳ್ಳಿ. ಈ ಬ್ಯಾಂಡು ಪ್ರತಿ ಸಲವೂ ದಾರಿ ಬದಲಿಸಿದೆ, ಪ್ರತಿ ಸಲವೂ ಬೈಸಿಕೊಂಡಿದೆ. ಈಗ ಮೊದಲ ಬಾರಿಗೆ ಹಿಂದಕ್ಕೆ ತಿರುಗಿ, ಹಳೆಯ ಮನೆಯ ನಕ್ಷೆ ತೆಗೆದು ಅದರ ಮೇಲೇ ಕಟ್ಟಿದೆ. ಯಾಕೆ? ದನಿ ಬದಲಾದಾಗ ಉಳಿದಿದ್ದನ್ನೂ ಬದಲಿಸಿದರೆ ಹೆಸರಿಗೆ ಆಧಾರವೇ ಇರೋದಿಲ್ಲ. ಗುರುತಿನ ಚೀಟಿ ತೋರಿಸಿ ಒಳಗೆ ಬರುವವರ ಹಾಗೆ ಈ ಆಲ್ಬಂ ಪ್ರತಿ ಹಾಡಿನಲ್ಲೂ 'ನಾವೇ, ನಾವೇ' ಅನ್ನುತ್ತೆ. ಗಟ್ಟಿತನ, ಹೆದರಿಕೆ ಎರಡೂ ಅದರಲ್ಲೇ ಇವೆ. ಇದೇ ಹಾಡುಗಳನ್ನು ಹೊಸ ಹೆಸರಿನಲ್ಲಿ ತಂದಿದ್ದರೆ, ಚೆನ್ನಾಗಿದೆ ಆದರೆ ಲಿಂಕಿನ್ ಪಾರ್ಕ್ ನಕಲು ಅಂತ ಅನ್ನಿಸಿಕೊಳ್ಳುತ್ತಿದ್ದವು. ಹೆಸರು ಇಟ್ಟುಕೊಂಡರೆ ದ್ರೋಹ, ಬಿಟ್ಟರೆ ನಕಲು.

ಎಮಿಲಿ ಮೇಲಿನ ಟೀಕೆಯಲ್ಲಿ ಬೇರೆ ಬೇರೆ ವಿಷಯ ಕಲಸಿಹೋಗಿವೆ. ಬಿಡಿಸಿ ನೋಡಬೇಕು. ನಟ ಡ್ಯಾನಿ ಮಾಸ್ಟರ್‌ಸನ್ ಅತ್ಯಾಚಾರ ಪ್ರಕರಣದಲ್ಲಿ 2023ರಲ್ಲಿ ಅಪರಾಧಿ ಎಂದು ಸಾಬೀತಾದರು, ಕನಿಷ್ಠ 30 ವರ್ಷದ ಶಿಕ್ಷೆಯಾಯಿತು. ಆ ಪ್ರಕರಣದ ಶುರುವಿನಲ್ಲಿ ಎಮಿಲಿ ಒಮ್ಮೆ ಅವರ ಪರವಾಗಿ ಕೋರ್ಟಿಗೆ ಹೋಗಿದ್ದರು. ಬ್ಯಾಂಡಿಗೆ ಸೇರಿದ ಸುದ್ದಿ ಹೊರಬಿದ್ದ ಮರುದಿನವೇ ಈ ವಿಷಯ ಎದ್ದಿತು. ಗೆಳೆಯ ಅಂದುಕೊಂಡು ಹೋಗಿದ್ದೆ, ಅಳೆಯೋದರಲ್ಲಿ ತಪ್ಪಿದೆ, ಆಮೇಲೆ ಮಾತೇ ಆಡಿಲ್ಲ ಅಂತ ಅವರು ಹೇಳಿಕೆ ಕೊಟ್ಟರು. ಸೈಂಟಾಲಜಿ ಪಂಥದ ಜೊತೆಗಿನ ನಂಟಿನ ಪ್ರಶ್ನೆಗೆ ಆ ಹೇಳಿಕೆಯಲ್ಲಿ ಉತ್ತರ ಇರಲಿಲ್ಲ. ಇದರಿಂದ ದೂರ ಸರಿದ ಅಭಿಮಾನಿಗಳು ಇದ್ದಾರೆ. ಎಳೆ ವಯಸ್ಸಿನಲ್ಲಿ ದೌರ್ಜನ್ಯ ಅನುಭವಿಸಿದ್ದನ್ನು ಚೆಸ್ಟರ್ ಬಚ್ಚಿಡದೆ ಹೇಳಿಕೊಂಡವರು. ಹಾಗಾಗಿ ಅವರ ಜಾಗಕ್ಕೆ ಬಂದವರ ವಿಷಯದಲ್ಲಿ ಈ ಪ್ರಶ್ನೆ ಏಳೋದು ಸಹಜ. ಚೆಸ್ಟರ್ ಕುಟುಂಬದಲ್ಲೂ ಕೆಲವರು ನೋವು ಬಹಿರಂಗವಾಗಿಯೇ ಹೇಳಿಕೊಂಡರು. ಅದನ್ನು 'ಹೇಟರ್ಸ್' ಅಂತ ತಳ್ಳಿಹಾಕೋದು ಸರಿಯಲ್ಲ.

ಆದರೆ ಅದೇ ಗಲಾಟೆಯ ಮರೆಯಲ್ಲಿ ಇನ್ನೊಂದು ಸಿಟ್ಟೂ ತೂರಿಕೊಂಡಿತ್ತು: ಹೆಂಗಸು ಯಾಕೆ? ಎಮಿಲಿ ಮೇಲೆ ಹರಿಹಾಯ್ದ ಕೆಲವರ ನಿಜವಾದ ತಕರಾರು ಆಕೆ ಗಂಡಸಲ್ಲ ಅನ್ನೋದು ಅಂತ ಮೈಕ್ 2025ರಲ್ಲಿ ನೇರವಾಗಿ ಹೇಳಿದರು. ನನಗೆ ಕಾಣುವ ಮಟ್ಟಿಗೆ ಗಾಯಕಿಯನ್ನು ತಂದಿದ್ದೇ ಜಾಣ ನಡೆ. ಚೆಸ್ಟರ್ ತರಹ ಹಾಡುವ ಗಂಡು ದನಿ ತಂದಿದ್ದರೆ ದಿನಾ ತಕ್ಕಡಿಯಲ್ಲಿಟ್ಟು ತೂಗುತ್ತಿದ್ದರು, ಬ್ಯಾಂಡು ಆರ್ಕೆಸ್ಟ್ರಾ ಆಗಿಬಿಡುತ್ತಿತ್ತು. ಬೇರೆಯೇ ದನಿ ಬಂದರೆ ತೂಗೋದಕ್ಕೆ ತಕ್ಕಡಿಯೇ ಸಿಗೋದಿಲ್ಲ.

ರಾಕ್ ಚರಿತ್ರೆಯಲ್ಲಿ ಇಂಥ ಮರಳುವಿಕೆ ಹೊಸದಲ್ಲ. ಎಲ್ಲರೂ ತಟ್ಟನೆ ತೆಗೆಯೋದು ಎಸಿ/ಡಿಸಿ ಬ್ಯಾಂಡಿನ ಉದಾಹರಣೆ. 1980ರ ಫೆಬ್ರವರಿಯಲ್ಲಿ ಗಾಯಕ ಬಾನ್ ಸ್ಕಾಟ್ ತೀರಿಕೊಂಡರು. ಜುಲೈಗೆಲ್ಲ ಬ್ರಯಾನ್ ಜಾನ್ಸನ್ ದನಿಯಲ್ಲಿ 'ಬ್ಯಾಕ್ ಇನ್ ಬ್ಲ್ಯಾಕ್' ಬಂತು, ಜಗತ್ತಿನಲ್ಲೇ ಅತಿ ಹೆಚ್ಚು ಮಾರಾಟವಾದ ಆಲ್ಬಂಗಳ ಸಾಲಿಗೆ ಸೇರಿತು. ಆದರೆ ಈ ಹೋಲಿಕೆ ಅಷ್ಟು ಕೂಡೋದಿಲ್ಲ. ಅಲ್ಲಿ ಅಂತರ ಐದು ತಿಂಗಳು. ಅಭಿಮಾನಿಗಳಿಗೆ ಗುಡಿ ಕಟ್ಟುವಷ್ಟು ಸಮಯವೇ ಸಿಗಲಿಲ್ಲ.

ಹತ್ತಿರ ಬರೋದು ಆಲಿಸ್ ಇನ್ ಚೈನ್ಸ್. ಅವರ ಗಾಯಕ ಲೇನ್ ಸ್ಟೇಲಿ 2002ರ ಏಪ್ರಿಲ್‌ನಲ್ಲಿ ತೀರಿಕೊಂಡರು. 1995ರ ಆಲ್ಬಂ ಆದಮೇಲೆ ಮುಂದಿನದು ಬಂದಿದ್ದು 2009ರಲ್ಲಿ, ವಿಲಿಯಂ ಡುವಾಲ್ ದನಿಯಲ್ಲಿ. ಹದಿನಾಲ್ಕು ವರ್ಷ. ಆಗಲೂ ಇದೇ ಮಾತು: ಹೆಸರು ಬದಲಿಸಬಹುದಿತ್ತಲ್ಲ? ಅಲ್ಲಿ ಒಂದು ಅನುಕೂಲ ಇತ್ತು. ಗಿಟಾರಿಸ್ಟ್ ಜೆರ್ರಿ ಕ್ಯಾಂಟ್ರೆಲ್ ದನಿ ಮೊದಲಿಂದಲೂ ಲೇನ್ ದನಿಯ ಜೊತೆ ಹೆಣೆದುಕೊಂಡೇ ಇತ್ತು. ಅರ್ಧ ಜಡೆ ಆಗಲೇ ಕೈಯಲ್ಲಿತ್ತು. ಡುವಾಲ್ ಬಂದು ಇನ್ನರ್ಧ ಹಿಡಿದುಕೊಂಡರು, ಕಾಲ ಕಳೆದಂತೆ ಜನ ಒಪ್ಪಿದರು. ಲಿಂಕಿನ್ ಪಾರ್ಕ್‌ನಲ್ಲಿ ಮೈಕ್ ಇರೋದೂ ಇಂಥದ್ದೇ ಅನುಕೂಲ. ಮೊದಲ ಹಾಡಿನ ಬಾಗಿಲು ಅವರೇ ತೆಗೆದಿದ್ದು ಸುಮ್ನೆ ಅಲ್ಲ.

ಕಾಯಿಸಿದಷ್ಟೂ ಏನಾಗುತ್ತೆ ಅನ್ನೋದಕ್ಕೆ ಗನ್ಸ್ ಎನ್ ರೋಸಸ್ ಸಾಕ್ಷಿ. 'ಚೈನೀಸ್ ಡೆಮಾಕ್ರಸಿ' ಬರುತ್ತೆ ಬರುತ್ತೆ ಅಂತ ಹದಿನಾಲ್ಕು ಹದಿನೈದು ವರ್ಷ ಎಳೆದರು. 2008ರಲ್ಲಿ ಡಾಕ್ಟರ್ ಪೆಪ್ಪರ್ ಎಂಬ ತಂಪು ಪಾನೀಯ ಕಂಪನಿ ತಮಾಷೆಗೆ ಒಂದು ಬಾಜಿ ಕಟ್ಟಿತು: ಈ ವರ್ಷ ಆಲ್ಬಂ ಬಂದರೆ ಅಮೆರಿಕದ ಪ್ರತಿಯೊಬ್ಬರಿಗೂ ಒಂದು ಕ್ಯಾನ್ ಪುಕ್ಕಟೆ. ನವೆಂಬರ್ 23ಕ್ಕೆ ಆಲ್ಬಂ ಬಂದೇಬಿಟ್ಟಿತು! ಕೂಪನ್ ತಗೊಳ್ಳಲು ಜನ ಮುಗಿಬಿದ್ದು ವೆಬ್‌ಸೈಟ್ ತಡವರಿಸಿತು. ಹಾಡುಗಳೇನೂ ಕೆಟ್ಟದಾಗಿರಲಿಲ್ಲ. ಆದರೆ ಹದಿನೈದು ವರ್ಷದ ನಿರೀಕ್ಷೆಯ ಎದುರು ಯಾವ ಹಾಡು ನಿಲ್ಲುತ್ತೆ ಹೇಳಿ. ಟೂಲ್ ಬ್ಯಾಂಡು ಇದಕ್ಕೆ ಉಲ್ಟಾ. 2006 ಆದಮೇಲೆ 2019ಕ್ಕೇ ಮುಂದಿನ ಆಲ್ಬಂ, ಹದಿಮೂರು ವರ್ಷ. ಆದರೂ ಸೀದಾ ಅಮೆರಿಕದ ಮೊದಲ ಸ್ಥಾನಕ್ಕೆ. ಅವರ ಅಭಿಮಾನಿಗಳ ಜಗಳ ಹಾಡಿನ ಉದ್ದ, ತಾಳದ ಲೆಕ್ಕ ಇಷ್ಟರ ಮೇಲೇ ನಡೆಯಿತು. ಸತ್ತವರು ಯಾರೂ ಇರಲಿಲ್ಲ, ಬದಲಾದವರೂ ಇರಲಿಲ್ಲ. ಹೆಸರಿನ ತಗಾದೆ ಇಲ್ಲದಿದ್ದಾಗ ಜನ ಸಂಗೀತವನ್ನೇ ಕೇಳ್ತಾರೆ.

ಲಿಂಕಿನ್ ಪಾರ್ಕ್ ಗಲಾಟೆಯಲ್ಲಿ ಹಿಂದೆ ಯಾರಿಗೂ ಇರದ ಒಂದು ಹೊಸ ತೊಡಕಿತ್ತು. ಆಲ್ಬಂ ಬರುವ ಮೊದಲೇ ಹೊಸ ಹಾಡುಗಳಿಗೆ ಕಂಪ್ಯೂಟರಿನಲ್ಲಿ ಚೆಸ್ಟರ್ ದನಿ ಕೂರಿಸಿದ ಆವೃತ್ತಿಗಳು ಹುಟ್ಟಿಕೊಂಡವು. ಕೃತಕ ಬುದ್ಧಿಮತ್ತೆಯ ಕೆಲಸ. 'ಇದೇ ನಿಜವಾದ ಲಿಂಕಿನ್ ಪಾರ್ಕ್' ಅಂತ ಹಂಚಿಕೊಂಡವರು ಇದ್ದರು, ಕೇಳಿ ಮೈ ಜುಮ್ಮೆಂದು ಆಫ್ ಮಾಡಿದವರೂ ಇದ್ದರು.

ನಮಗೆ ಈ ಸಂಕಟ ಗೊತ್ತು. ಪುನೀತ್ ರಾಜ್‌ಕುಮಾರ್ ಹೋದಮೇಲೆ 2022ರ ಮಾರ್ಚ್ 17ಕ್ಕೆ 'ಜೇಮ್ಸ್' ಬಂದಾಗ ಅವರ ಪಾತ್ರಕ್ಕೆ ದನಿ ಕೊಟ್ಟಿದ್ದು ಶಿವಣ್ಣ. ಥಿಯೇಟರಿನಲ್ಲಿ ಜನ ಕಣ್ಣೀರು ಒರೆಸಿಕೊಂಡು ಒಪ್ಪಿಕೊಂಡರು, ಅಣ್ಣ ಅಲ್ವಾ. ಆದರೂ ಅಪ್ಪು ದನಿ ಬೇಕು ಅನ್ನೋ ಆಸೆ ಹೋಗಲಿಲ್ಲ. ತಂತ್ರಜ್ಞಾನದಿಂದ ಅವರದ್ದೇ ದನಿ ಹೊಂದಿಸಿ ಏಪ್ರಿಲ್ 22ಕ್ಕೆ ಮತ್ತೆ ತೆರೆಗೆ ತಂದರು. ಅಲ್ಲಿ ಮನೆಯವರು, ಚಿತ್ರತಂಡ, ಅಭಿಮಾನಿ ಎಲ್ಲ ಒಂದೇ ಕಡೆ ಇದ್ದರು. ಪುನೀತ್ ಆಗಲೇ ಅಭಿನಯಿಸಿದ್ದ ಪಾತ್ರ, ಅದಕ್ಕೆ ಅವರದ್ದೇ ದನಿ. ಚೆಸ್ಟರ್ ಎಂದೂ ಕಾಣದ ಹಾಡಿಗೆ ಚೆಸ್ಟರ್ ದನಿ ಅಂಟಿಸೋದು ಅದಲ್ಲ. ಅದರಲ್ಲಿ ಯಾರ ಒಪ್ಪಿಗೆಯೂ ಇಲ್ಲ. ದನಿಯನ್ನು ಅಷ್ಟೊಂದು ಪ್ರೀತಿಸುವವರೇ, ಆ ದನಿಯ ಯಜಮಾನನ ಮಾತು ಕೇಳದೆ ಅದನ್ನು ಬಳಸಿಕೊಂಡರು.

ಇಷ್ಟೆಲ್ಲ ಆಗಿಯೂ ಆಲ್ಬಂ ಗೆದ್ದಿತು. ಬ್ರಿಟನ್, ಜರ್ಮನಿಯಲ್ಲಿ ಮೊದಲ ಸ್ಥಾನ, ಅಮೆರಿಕದಲ್ಲಿ ಎರಡನೆಯದು. 2025ರ ಮೇ 31ರಂದು ಮ್ಯೂನಿಕ್‌ನಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್‌ಗೆ ಮುಂಚೆ ಹಾಡಿದರು. ಲಂಡನ್ನಿನ ವೆಂಬ್ಲಿ ಮೈದಾನದಲ್ಲೂ ಹಾಡಿದರು. ಗ್ರ್ಯಾಮಿಯ ರಾಕ್ ಆಲ್ಬಂ ವಿಭಾಗಕ್ಕೆ ನಾಮನಿರ್ದೇಶನವೂ ಆಯಿತು. ಆದರೆ ಅಂಕಿಗಳಿಂದ ಜಗಳ ತೀರೋದಿಲ್ಲ. ಅದು ಕರಗಿದ್ದರೆ, ಕರಗಿದ್ದು ಕಾರ್ಯಕ್ರಮಗಳಲ್ಲಿ. ಮನೆಯಲ್ಲಿ ಹೆಡ್‌ಫೋನ್ ಹಾಕಿ ಕೇಳುವವರಿಗೆ ಇಲ್ಲದ ದನಿಯೇ ಮೊದಲು ಕೇಳಿಸುತ್ತೆ. ಸಾವಿರಾರು ಜನರ ನಡುವೆ ನಿಂತಾಗ ಪಕ್ಕದವರ ಕೂಗು, ನೆಲದ ನಡುಕ, ಎದುರಿಗಿರುವ ಮನುಷ್ಯರು. ಬೈಯಲು ಹೋಗಿ ಹಾಡಿ ಬಂದೆ ಅಂದ ಜನರನ್ನು ನಾನೇ ಕಂಡಿದ್ದೇನೆ. ಹೋಗದೇ ಉಳಿದು, ಹಳೆಯ ಏಳು ಆಲ್ಬಂ ನನಗೆ ಸಾಕು ಅಂದವರನ್ನೂ ಕಂಡಿದ್ದೇನೆ. ಅದೂ ಮರ್ಯಾದಸ್ತ ತೀರ್ಮಾನವೇ.

ನಮ್ಮ ಕಡೆಯ ಕಥೆ ಸ್ವಲ್ಪ ಬೇರೆ. ಬೆಂಗಳೂರಿಗೆ 2007ರಲ್ಲಿ ಐರನ್ ಮೇಡನ್ ಬಂತು, 2011ರಲ್ಲಿ ಮೆಟಾಲಿಕಾ. ಎರಡೂ ಅರಮನೆ ಮೈದಾನದಲ್ಲಿ. ಲಿಂಕಿನ್ ಪಾರ್ಕ್ ಮಾತ್ರ ಚೆಸ್ಟರ್ ಇರುವಾಗ ಇಲ್ಲಿಗೆ ಬರಲೇ ಇಲ್ಲ. ಹಾಸ್ಟೆಲಿನಲ್ಲಿ ಪೆನ್‌ಡ್ರೈವ್ ಬದಲಾಯಿಸಿಕೊಂಡು, ಕಾಲೇಜ್ ಫೆಸ್ಟ್‌ಗಳಲ್ಲಿ 'ಇನ್ ದಿ ಎಂಡ್' ಕಿರುಚಿ ಗಂಟಲು ಕೆಡಿಸಿಕೊಂಡ ತಲೆಮಾರಿಗೆ ಈಗ ನಲವತ್ತರ ಹತ್ತಿರ. 2026ರ ಜನವರಿ 23ಕ್ಕೆ ಬೆಂಗಳೂರು, ಅದರ ಬೆನ್ನಿಗೇ ಮುಂಬೈ ಅಂತ ಘೋಷಣೆ ಆದಾಗ, ನನ್ನ ಬಳಗದಲ್ಲಿ ಎಮಿಲಿ ಸರಿಯಾ ತಪ್ಪಾ ಅನ್ನೋ ಚರ್ಚೆಯೇ ನಡೆಯಲಿಲ್ಲ. ಆ ತಿಂಗಳ ಇಎಂಐ ಕಟ್ಟಿ ಟಿಕೆಟ್‌ಗೆ ಎಷ್ಟು ಉಳಿಯುತ್ತೆ, ಮಕ್ಕಳನ್ನು ಯಾರ ಹತ್ತಿರ ಬಿಡೋದು, ಇವೇ ಮಾತು. ಮೂಲ ಬ್ಯಾಂಡನ್ನು ಎದುರಿಗೆ ನೋಡೇ ಇರದವರಿಗೆ ಹೋಲಿಸಲು ಇದ್ದದ್ದು ತೆರೆಯ ಮೇಲಿನ ಚೆಸ್ಟರ್ ಮಾತ್ರ.

ಹಳೆಯ ಹಾಡುಗಳನ್ನು ಈಗ ಎಮಿಲಿ ಹಾಡುತ್ತಾರೆ. 'ನಂಬ್' ಹಾಡುತ್ತಾರೆ, 'ಇನ್ ದಿ ಎಂಡ್' ಹಾಡುತ್ತಾರೆ. ಹೂ ಇಟ್ಟಿದ್ದ ಆ ಮೈಕಿಗೆ ಈಗ ಕೈ ಬಂದಿದೆ. ಆದರೆ 'ಒನ್ ಮೋರ್ ಲೈಟ್' ಬಗ್ಗೆ ಕೇಳಿದಾಗ ಮೈಕ್ ಕೊಟ್ಟ ಉತ್ತರ ಬೇರೆ. ಅದು ತಮ್ಮ ಜೊತೆ ಕೆಲಸ ಮಾಡುತ್ತಿದ್ದ ಒಬ್ಬ ಹೆಣ್ಣುಮಗಳು ತೀರಿಕೊಂಡಾಗ ಬರೆದ ಹಾಡು. ಚೆಸ್ಟರ್ ಹೋದಮೇಲೆ ಅದು ಚೆಸ್ಟರ್ ಬಗ್ಗೆಯೇ ಅಂತ ಜಗತ್ತು ತೀರ್ಮಾನ ಮಾಡಿಬಿಟ್ಟಿತು. ಈಗ ಅದನ್ನು ವೇದಿಕೆಯಲ್ಲಿ ಹಾಡಲು ಆಗದಷ್ಟು ದುಃಖ ಅಂದರು. ಹೆಸರು, ಲಾಂಛನ, ಹಳೆಯ ಹಾಡುಗಳು ಎಲ್ಲ ವಾಪಸ್ ತೆಗೆದುಕೊಂಡ ಬ್ಯಾಂಡು ಆ ಒಂದು ಹಾಡನ್ನು ಮಾತ್ರ ಕೇಳುಗರ ಹತ್ತಿರವೇ ಬಿಟ್ಟಿದೆ.